ಅತಿಭಾರದ ಲೆಕ್ಕ ಯಾವ ವಹಿಯಲ್ಲಿದೆ?



ಕೆಲವು ವರ್ಷಗಳಿಂದ ನಮ್ಮ ಸಮಾಜದ ಸಭೆ-ಸಮಾರಂಭಗಳಲ್ಲಿ ಒಂದು ಹೊಸ ಬಗೆಯ ಪ್ರವಚನ ರೂಢಿಗೆ ಬಂದಿದೆ. ದಶಲಕ್ಷಣ ಪರ್ವವಿರಲಿ, ಪರ್ಯೂಷಣವಿರಲಿ, ತರುಣರ ಶಿಬಿರವಿರಲಿ, ವೇದಿಕೆಗೆ ಒಬ್ಬ ಮ್ಯಾನೇಜ್‌ಮೆಂಟ್ ತಜ್ಞರು ಆಗಮಿಸುತ್ತಾರೆ. ಭಗವಾನ್ ಮಹಾವೀರರೇ ಜಗತ್ತಿನ ಮೊತ್ತಮೊದಲ ಮ್ಯಾನೇಜ್‌ಮೆಂಟ್ ಗುರುಗಳೆಂದು ಸಾರುತ್ತಾರೆ. ಅವರ ವ್ಯಾಖ್ಯಾನದಂತೆ ಅಪರಿಗ್ರಹವೆಂದರೆ ಗೋದಾಮಿನಲ್ಲಿ ಅನಾವಶ್ಯಕ ಸರಕು ಇಟ್ಟುಕೊಳ್ಳದ ಜಾಣತನ. ಅನೇಕಾಂತವೆಂದರೆ ಗಿರಾಕಿಯ ಮನಸ್ಸನ್ನು ಅರಿಯುವ ಕಲೆ. ಸಾಮಾಯಿಕವೆಂದರೆ ದಣಿವಾರಿಸಿಕೊಂಡು ಇಮ್ಮಡಿ ದುಡಿಯುವ ಉಪಾಯ. ಸಭೆ ಚಪ್ಪಾಳೆ ತಟ್ಟುತ್ತದೆ. ತೀರ್ಥಂಕರರಿಗೆ ನಾವು ಕೊಟ್ಟ ಈ ಹೊಸ ಪದವಿಯಿಂದ ಅವರ ಮಹಿಮೆ ಹೆಚ್ಚಿತೋ ಕಡಿಮೆಯಾಯಿತೋ ಎಂದು ಯಾರೂ ಕೇಳುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವಿದೆ. ದೊಡ್ಡ ಶಹರಗಳಲ್ಲಿ ಓದಿ ಬಂದ ನಮ್ಮ ಮಕ್ಕಳು ಹೇಳುತ್ತಾರೆ: ವ್ಯವಸ್ಥಾಪನಾ ಶಾಸ್ತ್ರವೆಂಬುದು ಅಂಕಗಣಿತದಂಥ ಶುದ್ಧ ವಿದ್ಯೆ, ಅದಕ್ಕೆ ಮತವಿಲ್ಲ, ದೇಶವಿಲ್ಲ, ಪಶ್ಚಿಮದವರು ಕಂಡುಹಿಡಿದರು, ನಾವು ಕಲಿತು ಬಳಸಬೇಕು, ಅಷ್ಟೆ.

ಈ ಎರಡೂ ಪಕ್ಷಗಳು ತಪ್ಪೆಂಬುದು ನನ್ನ ವಾದ. ಎರಡೂ ತಪ್ಪುಗಳ ಫಲವನ್ನು ಉಣ್ಣುವವರು ಒಬ್ಬರೇ ಎಂಬುದು ಅದಕ್ಕಿಂತ ಮುಖ್ಯವಾದ ಮಾತು. ಆ ಒಬ್ಬರು ವೇದಿಕೆಯ ಮೇಲೂ ಇರುವುದಿಲ್ಲ, ಸಭಿಕರಲ್ಲಿಯೂ ಇರುವುದಿಲ್ಲ. ಸಭೆ ಮುಗಿದ ಮೇಲೆ ಎಲೆ ಎತ್ತಿ ಪಾತ್ರೆ ತೊಳೆಯಲು ಹಿತ್ತಿಲಲ್ಲಿ ಕುಳಿತಿರುತ್ತಾರೆ.

ಪರರ ಮೇಲೆ ಆರೋಪ ಹೊರಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಯೋಗ್ಯ. ನಾನು ಸದಸ್ಯನಾಗಿರುವ ಒಂದು ಟ್ರಸ್ಟಿನ ಭೋಜನಶಾಲೆಯಲ್ಲಿ ಐವರು ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಇಂಥದೇ ಒಂದು ಶಿಬಿರವಾದ ಮರುತಿಂಗಳು ಕಾರ್ಯಕಾರಿ ಸಭೆಗೆ ಒಂದು ತಖ್ತೆ ಬಂದಿತು. ಒಂದು ಪಂಕ್ತಿಗೆ ಎಷ್ಟು ನಿಮಿಷ, ಒಂದು ಹಂಡೆ ತೊಳೆಯಲು ಎಷ್ಟು ನಿಮಿಷ ಎಂದು ಲೆಕ್ಕ ಹಾಕಿ, ಐವರ ಕೆಲಸವನ್ನು ಮೂವರಿಂದ ಮಾಡಿಸಬಹುದೆಂದೂ ಉಳಿದ ಮೂವರಿಗೆ ಪಗಾರ ಶೇಕಡಾ 25ರಷ್ಟು ಏರಿಸಬಹುದೆಂದೂ ಅದರಲ್ಲಿ ತೋರಿಸಲಾಗಿತ್ತು. ಲೆಕ್ಕದಲ್ಲಿ ದೋಷವಿರಲಿಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು. ಬಿ.ಕಾಂ. ಪದವೀಧರನೂ, ನಾಲ್ಕು ದಶಕ ಕೀರ್ದಿ-ಖಾತೆ ಬರೆದವನೂ, ಸ್ವಾಧ್ಯಾಯ ಮಂಡಳಿಯಲ್ಲಿ ರತ್ನಕರಂಡಕ ಶ್ರಾವಕಾಚಾರವನ್ನು ಓದಿ ಹೇಳುವವನೂ ಆದ ನಾನೂ ಕೈ ಎತ್ತಿದೆ. ಅಂದು ರಾತ್ರಿ ಮನೆಗೆ ಬಂದು ಮರುದಿನದ ಸ್ವಾಧ್ಯಾಯಕ್ಕೆಂದು ಅದೇ ಗ್ರಂಥವನ್ನು ತೆರೆದಾಗ ನನ್ನ ಕೈ ನಡುಗಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಶಾಸ್ತ್ರದ ಬೇರುಗಳನ್ನು ನೋಡೋಣ.

ಮ್ಯಾನೇಜ್‌ಮೆಂಟ್ ಎಂಬ ಶಬ್ದದ ಮೂಲ ಇಟಲಿಯ ಭಾಷೆಯಲ್ಲಿದೆ. ಕೈ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಆ ಕ್ರಿಯಾಪದಕ್ಕೆ ಕುದುರೆಯನ್ನು ಪಳಗಿಸಿ ಕೈಯಳತೆಗೆ ತರುವುದೆಂಬ ಅರ್ಥವಿತ್ತು. ಶಬ್ದಮೂಲವೊಂದೇ ಸಾಕ್ಷಿಯಾಗದು, ಇತಿಹಾಸವನ್ನೂ ಕೇಳಬೇಕು. 1494ರಲ್ಲಿ ಲೂಕಾ ಪಾಚಿಯೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ವೆನಿಸ್ ನಗರದಲ್ಲಿ ಒಂದು ಗಣಿತಗ್ರಂಥವನ್ನು ಅಚ್ಚು ಹಾಕಿಸಿದ. ಅಲ್ಲಿನ ವರ್ತಕರು ಆಗಲೇ ಬಳಸುತ್ತಿದ್ದ ಜಮಾ-ಖರ್ಚಿನ ಇಬ್ಬದಿ ಲೆಕ್ಕದ ಪದ್ಧತಿಯನ್ನು ಅದರಲ್ಲಿ ಕ್ರಮವಾಗಿ ವಿವರಿಸಿದ. ದೇವರ ಹೆಸರಿನಿಂದ ವಹಿಯನ್ನು ಆರಂಭಿಸಬೇಕೆಂದು ಅವನೂ ವಿಧಿಸಿದ್ದಾನೆ. ದೀಪಾವಳಿಯಂದು ವಹಿಪೂಜೆ ಮಾಡಿ ಶ್ರೀಕಾರ ಬರೆಯುವ ನಮಗೆ ಅದು ಅಪರಿಚಿತವೆನಿಸದು. ಇಷ್ಟರಮಟ್ಟಿಗೆ ನನ್ನ ತಕರಾರಿಲ್ಲ.

ಆದರೆ ವಹಿಯಲ್ಲಿ ಸರಕಿನ ಲೆಕ್ಕವಿದ್ದ ಜಾಗಕ್ಕೆ ಮನುಷ್ಯರ ಲೆಕ್ಕ ಬಂದದ್ದು ಎಲ್ಲಿ? ಈ ಪ್ರಶ್ನೆಗೆ ಕ್ಯಾಟ್ಲಿನ್ ರೋಸೆಂತಾಲ್ ಎಂಬ ವಿದುಷಿ 2018ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉತ್ತರವಿದೆ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿಯೂ ಅಮೆರಿಕದ ದಕ್ಷಿಣ ಸೀಮೆಯ ಹತ್ತಿಯ ಹೊಲಗಳಲ್ಲಿಯೂ ಗುಲಾಮರ ಒಡೆಯರು ಅತಿ ಸೂಕ್ಷ್ಮವಾದ ಲೆಕ್ಕಪತ್ರಗಳನ್ನು ಇಡುತ್ತಿದ್ದರು. ಥಾಮಸ್ ಅಫ್ಲೆಕ್ ಎಂಬವನು 1840ರ ದಶಕದಲ್ಲಿ ತೋಟದ ಮಾಲೀಕರಿಗಾಗಿ ಅಚ್ಚು ಹಾಕಿಸಿದ ವಹಿಯಲ್ಲಿ, ಯಾವ ಗುಲಾಮ ಯಾವ ದಿನ ಎಷ್ಟು ಪೌಂಡು ಹತ್ತಿ ಬಿಡಿಸಿದನೆಂದು ಬರೆಯಲು ಒಂದು ಕಾಲಮು, ವರ್ಷಾರಂಭದಲ್ಲಿ ಅವನ ಬೆಲೆ ಎಷ್ಟು, ವರ್ಷಾಂತ್ಯಕ್ಕೆ ಎಷ್ಟು ಎಂದು ಬರೆಯಲು ಇನ್ನೊಂದು ಕಾಲಮು ಇದ್ದವು. ಯಂತ್ರಕ್ಕೆ ಸವಕಳಿ ಕಟ್ಟುವುದನ್ನು ನಾವು ಕಾಲೇಜಿನಲ್ಲಿ ಕಲಿತೆವು. ಮನುಷ್ಯನಿಗೆ ಅದನ್ನು ಕಟ್ಟಿದ ವಹಿಗಳೂ ಇದ್ದವೆಂದು ನಮಗೆ ಯಾರೂ ಹೇಳಲಿಲ್ಲ.

ಅಲ್ಲಿಂದ ಕಾರ್ಖಾನೆಗೆ ಬರೋಣ. ವೈಜ್ಞಾನಿಕ ವ್ಯವಸ್ಥಾಪನೆಯ ಜನಕನೆಂದು ಹೆಸರಾದ ಫ್ರೆಡರಿಕ್ ಟೇಲರ್ 1911ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸುಮಾರು 42 ಕಿಲೋ ತೂಕದ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲಿನ ವ್ಯಾಗನ್ನಿಗೆ ತುಂಬುವ ಕೂಲಿಯೊಬ್ಬನ ಕಥೆ ಅದರ ಹೃದಯಭಾಗ. ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದವನಿಂದ 47 ಟನ್ ಹೊರಿಸಿದೆನೆಂದು ಟೇಲರ್ ಹೇಳುತ್ತಾನೆ. ಅವನ ಕೂಲಿ ದಿನಕ್ಕೆ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಲೆಕ್ಕ ಬಲ್ಲವರು ಕೂಡಿ ನೋಡಬೇಕು: ಹೊರೆ ಮೂರೂಮುಕ್ಕಾಲು ಪಟ್ಟಾಯಿತು, ಕೂಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಯಿತು. ಅಂಥ ಕೆಲಸಕ್ಕೆ ಯೋಗ್ಯನಾದ ಮನುಷ್ಯನನ್ನು ಟೇಲರ್ ಎತ್ತಿಗೆ ಹೋಲಿಸಿಯೂ ಇದ್ದಾನೆ. ಅವನ ಸಹಚರನಾದ ಹೆನ್ರಿ ಗ್ಯಾಂಟ್ ಹುಟ್ಟಿದ್ದು 1861ರಲ್ಲಿ, ಗುಲಾಮರನ್ನು ಇಟ್ಟುಕೊಂಡಿದ್ದ ಮೇರಿಲ್ಯಾಂಡಿನ ತೋಟದ ಮನೆತನದಲ್ಲಿ. ಇಂದು ಕಟ್ಟಡ ಕಾಮಗಾರಿಯ ಪ್ರತಿಯೊಂದು ಆಫೀಸಿನ ಗೋಡೆಯ ಮೇಲೆ ತೂಗುವ ತಖ್ತೆಗೆ ಅವನದೇ ಹೆಸರು.

ಇಷ್ಟರಿಂದ ಆ ಶಾಸ್ತ್ರವೆಲ್ಲ ಪಾಪದ ಕೂಸೆಂದು ನಾನು ಹೇಳುತ್ತಿಲ್ಲ. ಅದು ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರವಾಗಿ ಬೆಳೆದ ಶಾಸ್ತ್ರವೆಂಬುದನ್ನು ಮಾತ್ರ ತೋರಿಸುತ್ತಿದ್ದೇನೆ. ಆ ಪ್ರಶ್ನೆ ಇದು: ಇನ್ನೊಬ್ಬರ ಕೈಯಿಂದ ಇನ್ನಷ್ಟು ಕೆಲಸ ಪಡೆಯುವುದು ಹೇಗೆ? ಅಂಕಗಣಿತಕ್ಕೆ ಇಂಥ ಪ್ರಶ್ನೆಯಿಲ್ಲ. ಆದುದರಿಂದ ಇದು ಅಂಕಗಣಿತದಂಥ ನಿರ್ಲಿಪ್ತ ವಿದ್ಯೆಯೆಂಬ ತರುಣರ ಮಾತು ನಿಲ್ಲುವುದಿಲ್ಲ.

ಹಾಗಾದರೆ ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆನ್ನುವ ಹಿರಿಯರ ಮಾತು ನಿಲ್ಲುವುದೇ? ಅದನ್ನೂ ಪರೀಕ್ಷಿಸೋಣ. ಹೆಮ್ಮೆಪಡಲು ನಮಗೆ ಕಾರಣಗಳಿವೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ಸುಮಾರು 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಬಡ್ಡಿ, ಪಾಲುದಾರಿಕೆ, ಮಿಶ್ರ ವ್ಯವಹಾರಗಳ ಲೆಕ್ಕಗಳು ಹೇರಳವಾಗಿವೆ. 1997ರವರೆಗೆ ನಮ್ಮ ಅವಿಭಜಿತ ವಿಜಾಪುರ ಜಿಲ್ಲೆಗೇ ಸೇರಿದ್ದ ಐಹೊಳೆಯಲ್ಲಿ, ಕ್ರಿ.ಶ. 634-35ರಲ್ಲಿ ರವಿಕೀರ್ತಿ ಜಿನಾಲಯ ಕಟ್ಟಿಸಿದ ಮೇಗುಟಿಯ ಗುಡ್ಡವಿದೆ. ಅದೇ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಮಯವು ಸಮುದ್ರ ದಾಟಿ, 1088ರ ಹೊತ್ತಿಗೆ ಸುಮಾತ್ರಾ ದ್ವೀಪದ ಬಾರುಸಿನಲ್ಲಿ ಶಾಸನ ಹಾಕಿಸುವಷ್ಟು ಹಬ್ಬಿತ್ತು. ವೇದಿಕೆಯ ತಜ್ಞರು ಇದನ್ನು ಜಗತ್ತಿನ ಮೊದಲ ಬಹುರಾಷ್ಟ್ರೀಯ ಕಂಪನಿಯೆಂದು ವರ್ಣಿಸುತ್ತಾರೆ.

ಐನೂರ್ವರು ಕಂಪನಿಯಾಗಿರಲಿಲ್ಲ. ಅವರಲ್ಲಿ ಜೈನರಿದ್ದಂತೆ ಶೈವರೂ ವೈಷ್ಣವರೂ ಇದ್ದರು. ಅದು ನಮ್ಮೊಬ್ಬರ ಆಸ್ತಿಯಲ್ಲ. ಅವರ ಜೊತೆಗೆ ಆಯುಧ ಹಿಡಿದವರೂ ನಡೆಯುತ್ತಿದ್ದರು. ಶಾಸನದ ಪ್ರಶಸ್ತಿಯು ತಮ್ಮನ್ನು ತಾವೇ ಹೊಗಳಿಕೊಂಡ ಮಾತು. ಅದು ಆಡಿಟ್ ವರದಿಯಲ್ಲ. ಆದರೆ ಆ ಶಾಸನಗಳಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಬಸದಿಗೆ, ಗುಡಿಗೆ, ಕೆರೆಗೆ ಅವರು ತಮ್ಮ ಮೇಲೆ ತಾವೇ ಹಾಕಿಕೊಂಡ ದತ್ತಿಯ ಕರವನ್ನು ಹೇರಿನ ಲೆಕ್ಕದಲ್ಲಿ, ಅಂದರೆ ಎತ್ತು ಬೆನ್ನ ಮೇಲೆ ಹೊತ್ತ ಹೊರೆಯ ಲೆಕ್ಕದಲ್ಲಿ ನಮೂದಿಸುತ್ತಿದ್ದರು. ಹೊರುವ ಪ್ರಾಣಿಯ ಬೆನ್ನೇ ನಮ್ಮ ವ್ಯಾಪಾರದ ಹಳೆಯ ಅಳತೆಗೋಲು.

ಹೆಮ್ಮೆಯ ಜೊತೆಗೆ ನಾಚಿಕೆಯನ್ನೂ ನೆನೆಯಬೇಕು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನೂ ವಹಿಗಳನ್ನೂ ಬೀದಿಗೆ ತಂದು ಸುಟ್ಟರು. ದಖನ್ ದಂಗೆಯೆಂದು ಇತಿಹಾಸದಲ್ಲಿ ಹೆಸರಾದ ಆ ಗಲಭೆ ಪುಣೆ-ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿತು. 1879ರಲ್ಲಿ ಸರಕಾರ ರೈತರ ಸಲುವಾಗಿ ಪರಿಹಾರದ ಕಾಯದೆಯನ್ನೇ ತರಬೇಕಾಯಿತು. ಆ ಸಾಹುಕಾರರಲ್ಲಿ ಹೆಚ್ಚಿನವರು ಮಾರವಾಡಿ ಮತ್ತು ಗುಜರಾತಿ ವರ್ತಕರು. ಅವರಲ್ಲಿ ನಮ್ಮ ಧರ್ಮದವರೂ ಇದ್ದರು. ಸುಟ್ಟುಹೋದ ಆ ವಹಿಗಳ ಮೊದಲ ಪುಟದಲ್ಲಿ ಶ್ರೀಕಾರ ಇರಲಿಲ್ಲವೆಂದು ಯಾರೂ ಹೇಳಲಾರರು. ಲೆಕ್ಕ ಬರೆಯುವ ಕೌಶಲವೇ ಧರ್ಮವಾಗಿದ್ದರೆ ಆ ವಹಿಗಳಿಗೆ ಬೆಂಕಿ ಬೀಳುತ್ತಿರಲಿಲ್ಲ.

ಹಾಗಾದರೆ ನಮ್ಮ ಪರಂಪರೆ ಕೊಟ್ಟದ್ದೇನು? ಅದು ಕೊಟ್ಟದ್ದು ಮ್ಯಾನೇಜ್‌ಮೆಂಟ್ ತಂತ್ರವನ್ನಲ್ಲ. ಎಲ್ಲ ತಂತ್ರಗಳಿಗೂ ಹಾಕಬೇಕಾದ ಎಲ್ಲೆಯನ್ನು. ಇಲ್ಲಿಗೆ ಅಂದಿನ ರಾತ್ರಿ ನಾನು ತೆರೆದ ಗ್ರಂಥಕ್ಕೆ ಮರಳುತ್ತೇನೆ. ಆಚಾರ್ಯ ಸಮಂತಭದ್ರರು ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಅವುಗಳಲ್ಲಿ ಅತಿಭಾರಾರೋಪಣವನ್ನು, ಎಂದರೆ ಹೊರಲಾರದಷ್ಟು ಹೊರೆ ಹೇರುವುದನ್ನು ಎಣಿಸಿದ್ದಾರೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿಯೂ ಇದು ಇದೆ. ದಿಗಂಬರ-ಶ್ವೇತಾಂಬರರಿಬ್ಬರಿಗೂ ಅದು ಮಾನ್ಯ. ಆದರೆ ಸಮಂತಭದ್ರರು ಅಲ್ಲಿಗೇ ನಿಲ್ಲಲಿಲ್ಲ. ಐದನೆಯದಾದ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭ ಮುಂತಾದವುಗಳ ಜೊತೆಗೆ ಅತಿವಾಹನವನ್ನೂ ಅತಿಭಾರವಹನವನ್ನೂ ಸೇರಿಸಿದರು. ಮಿತಿಮೀರಿ ನಡೆಸುವುದು, ಮಿತಿಮೀರಿ ಹೊರಿಸುವುದು.

ಒಂದೇ ದೋಷವನ್ನು ಎರಡು ವ್ರತಗಳಲ್ಲಿ ಏಕೆ ಹೇಳಿದರು? ನನಗೆ ತೋಚಿದ ಉತ್ತರವನ್ನು ವಿದ್ವಾಂಸರ ಮುಂದೆ ಇಡುತ್ತೇನೆ. ಹೊರುವವನ ಕಡೆಯಿಂದ ನೋಡಿದರೆ ಅತಿಭಾರವು ಹಿಂಸೆ. ಹೊರಿಸುವವನ ಕಡೆಯಿಂದ ನೋಡಿದರೆ ಅದು ಪರಿಗ್ರಹ. ಕೈಯಲ್ಲಿ ಕೋಲು ಹಿಡಿಯದೆ, ಬಾಯಲ್ಲಿ ಕಟುನುಡಿ ಆಡದೆ, ಕೇವಲ ಒಂದು ತಖ್ತೆ ಬರೆದು, ಕೇವಲ ಕೈ ಎತ್ತಿ, ಎರಡು ವ್ರತಗಳನ್ನು ಒಟ್ಟಿಗೆ ಕೆಡಿಸಿಕೊಳ್ಳಬಹುದು. ಐವರ ಕೆಲಸ ಮೂವರ ಮೇಲೆ ಬಿದ್ದರೆ ಒಬ್ಬೊಬ್ಬರ ಹೊರೆ ಶೇಕಡಾ 67ರಷ್ಟು ಏರುತ್ತದೆ. ನಾವು ಏರಿಸಿದ ಪಗಾರ ಶೇಕಡಾ 25. ಟೇಲರನ ಲೆಕ್ಕಕ್ಕೂ ನಮ್ಮ ಠರಾವಿಗೂ ಅಂತರವೆಷ್ಟು?

ಅಹಮದಾಬಾದಿನ ಒಂದು ಜೈನ ಮನೆತನದ ಚರಿತ್ರೆ ಇಲ್ಲಿ ಮನನೀಯ. ಗಿರಣಿಯ ಮಾಲೀಕ ಅಂಬಾಲಾಲ್ ಸಾರಾಭಾಯಿಯವರ ಸಹೋದರಿ ಅನಸೂಯಾ ಸಾರಾಭಾಯಿಯವರು 36 ಗಂಟೆ ಸತತ ದುಡಿದು ಮರಳುತ್ತಿದ್ದ ಹೆಣ್ಣುಮಕ್ಕಳನ್ನು ಒಂದು ಮುಂಜಾನೆ ಕಂಡು ಮನಕರಗಿ ಕಾರ್ಮಿಕರ ಪಕ್ಷ ವಹಿಸಿದರು. 1918ರಲ್ಲಿ ಮಾಲೀಕರು ಶೇಕಡಾ 20, ಕಾರ್ಮಿಕರು ಶೇಕಡಾ 35 ಏರಿಕೆ ಎಂದು ಪಟ್ಟು ಹಿಡಿದಾಗ ತಮ್ಮ ಅಂಬಾಲಾಲರು ಮಾಲೀಕರ ಪಕ್ಷದಲ್ಲಿಯೂ ಅಕ್ಕ ಮುಷ್ಕರದ ಪಕ್ಷದಲ್ಲಿಯೂ ನಿಂತರು. ಗಾಂಧೀಜಿಯವರು ಮೂರು ದಿನ ಉಪವಾಸ ಕೈಗೊಂಡರು. ವಿವಾದ ಪಂಚಾಯಿತಿಗೆ ಹೋಗಿ ಕೊನೆಗೆ 35ರ ತೀರ್ಪು ಬಂದಿತು. 1920ರಲ್ಲಿ ಅಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಅದೇ ಅಂಬಾಲಾಲರ ಪುತ್ರ ವಿಕ್ರಮ್ ಸಾರಾಭಾಯಿಯವರು, ಕಸ್ತೂರಭಾಯಿ ಲಾಲಭಾಯಿಯವರೊಡಗೂಡಿ, 1961ರಲ್ಲಿ ಹಾರ್ವರ್ಡಿನ ಸಹಕಾರದೊಂದಿಗೆ ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಈ ದೇಶದ ವ್ಯವಸ್ಥಾಪನಾ ವಿದ್ಯೆಯ ಎರಡು ಬೇರುಗಳೂ ಒಂದೇ ಮನೆಯ ಅಂಗಳದಲ್ಲಿವೆ. ನಮ್ಮ ಶಿಬಿರಗಳಲ್ಲಿ ಸೋದರಳಿಯನ ಸಂಸ್ಥೆಯ ಹೆಸರು ಕೇಳಿಬರುತ್ತದೆ. ಸೋದರತ್ತೆಯ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ.

ಒಬ್ಬ ತರುಣ ಸದಸ್ಯರು ನನಗೆ ಒಂದು ಬಲವಾದ ಆಕ್ಷೇಪ ಹಾಕಿದರು, ಅದನ್ನು ಮುಚ್ಚಿಡಲಾರೆ. ಟೇಲರನೂ ಎಲ್ಲೆಯನ್ನು ಹುಡುಕಿದನಲ್ಲವೇ? ಕಬ್ಬಿಣ ಹೊರುವವನು ದಿನದ ಶೇಕಡಾ 43ರಷ್ಟು ಹೊತ್ತು ಮಾತ್ರ ಹೊರೆಯಡಿಯಲ್ಲಿರಬೇಕು, ಉಳಿದ ಹೊತ್ತು ಬೆನ್ನು ಬರಿದಾಗಿರಬೇಕೆಂದು ಅವನೇ ಗೊತ್ತು ಮಾಡಿದನಲ್ಲವೇ? ಮಾತು ನಿಜ. ಆದರೆ ಅವನ ಎಲ್ಲೆ ಯಾವುದು? ಅದಕ್ಕಿಂತ ಹೆಚ್ಚು ಹೊರಿಸಿದರೆ ಸಂಜೆಯ ಹೊತ್ತಿಗೆ ಟನ್ನುಗಳ ಮೊತ್ತ ಕಡಿಮೆಯಾಗುತ್ತದೆಂಬ ಬಿಂದು. ಶ್ರಾವಕನ ಎಲ್ಲೆ ಜೀವಕ್ಕೆ ನೋವಾಗುವ ಬಿಂದು. ಮೊದಲನೆಯದು ಬರುವುದಕ್ಕಿಂತ ಎಷ್ಟೋ ಮುಂಚೆ ಎರಡನೆಯದು ಬಂದಿರುತ್ತದೆ. ಅವೆರಡರ ನಡುವೆ ದೊರೆಯುವ ಲಾಭವೇ ಶ್ರಾವಕನು ಬಿಟ್ಟುಕೊಡಬೇಕಾದ ಲಾಭ. ಅಣುವ್ರತಕ್ಕೆ ವ್ಯಾಪಾರದಲ್ಲಿ ಇದಕ್ಕಿಂತ ಬೇರೆ ಅರ್ಥ ನನಗೆ ಕಾಣದು.

ಈ ಮಾತು ಭೋಜನಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಹಲವರ ವ್ಯವಹಾರ ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳೊಡನೆ ಇದೆ. ತಿಕೋಟಾ ಸೀಮೆಯಲ್ಲಿ ಮಾಘ-ಫಾಲ್ಗುಣದಿಂದ ದ್ರಾಕ್ಷಿಯ ಸುಗ್ಗಿ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಅದರ ತೊಟ್ಟು ಬಿಡಿಸಿ, ಬಣ್ಣ-ಗಾತ್ರ ನೋಡಿ ಆರಿಸುವವರು ಹೆಣ್ಣುಮಕ್ಕಳು. ಹೊತ್ತು ವಿಜಯಪುರದ ಪೇಟೆಯಲ್ಲಿ ಇಳಿಸುವವರು ಹಮಾಲರು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಕಡೆ ಬೆಳೆ ಹೆಚ್ಚಿದೆ. ಬೆಳೆ ಹೆಚ್ಚಿದಂತೆ ಹೊರೆಯೂ ಹೆಚ್ಚಿದೆ.

1965ರಲ್ಲಿ ಭಾರತ ಸರಕಾರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ನಿಯಮಗಳನ್ನು ಮಾಡಿತು. ಅದರಂತೆ ಎತ್ತನ್ನು ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ ಐದು ತಾಸಿಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ಮೀರುವ ಸೀಮೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು. ನಮ್ಮ ಬೇಸಗೆ 40ನ್ನು ದಾಟುವುದು ಎಲ್ಲರಿಗೂ ಗೊತ್ತು. ಪಾಂಜರಪೋಳಕ್ಕೆ ಮುಕ್ತಹಸ್ತದಿಂದ ದಾನ ಕೊಡುವ ನಾವು ಆ ಎತ್ತಿನ ಮೂರು ತಾಸನ್ನು ಮೆಚ್ಚುತ್ತೇವೆ. ಅದೇ ಮೂರು ತಾಸಿನಲ್ಲಿ ತಗಡಿನ ಮಾಡಿನಡಿ ಒಣದ್ರಾಕ್ಷಿ ಆರಿಸುವ ಹೆಣ್ಣುಮಗಳನ್ನು ನಮ್ಮಲ್ಲಿ ಎಷ್ಟು ಜನ ಏಳಿಸಿ ನೆರಳಿಗೆ ಕಳುಹಿಸಿದ್ದೇವೆ? ತಕ್ಕಡಿಯಲ್ಲಿ ಮೋಸ ಮಾಡಬಾರದೆಂಬ ಅಸ್ತೇಯದ ಪಾಠವನ್ನು ನಮ್ಮ ಹಿರಿಯರು ಬಿಗಿಯಾಗಿ ಕಲಿಸಿದರು. ನನ್ನ ತಂದೆಯವರು ಕಾಳು ಹೆಚ್ಚು ಹೋದರೂ ಚಿಂತೆಯಿಲ್ಲ, ಕಡಿಮೆ ಹೋಗಬಾರದೆನ್ನುತ್ತಿದ್ದರು. ಆದರೆ ಅದೇ ಅಂಗಡಿಯಲ್ಲಿ ಕ್ವಿಂಟಲ್ ಚೀಲವನ್ನು ಒಬ್ಬನೇ ಹಮಾಲ ಹೊರುವುದನ್ನು ನಾನು ದಿನವೂ ನೋಡಿದೆ. ಚೀಲದ ತೂಕವನ್ನು ಪರೀಕ್ಷಿಸಿದೆವು. ಅದು ಯಾರ ಬೆನ್ನಿನ ಮೇಲಿದೆಯೆಂದು ಪರೀಕ್ಷಿಸಲಿಲ್ಲ.

ಆದುದರಿಂದ ಟ್ರಸ್ಟುಗಳ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ಲೆಕ್ಕಪತ್ರ, ಆಡಿಟ್, ಯೋಜನೆ ಎಲ್ಲವೂ ಇರಲಿ. ಪಾಚಿಯೋಲಿಯ ವಿದ್ಯೆಯನ್ನು ತಿರಸ್ಕರಿಸುವ ಟ್ರಸ್ಟು ದೇವದ್ರವ್ಯವನ್ನು ಕಾಪಾಡಲಾರದು. ಆದರೆ ವಾರ್ಷಿಕ ವರದಿಯಲ್ಲಿ ಅಭಿಷೇಕದ ಸವಾಲು ಎಷ್ಟಕ್ಕೆ ಏರಿತೆಂದು ಅಚ್ಚು ಹಾಕುವ ಪುಟದ ಎದುರಿಗೇ ಇನ್ನೊಂದು ಪುಟವನ್ನು ಅಚ್ಚು ಹಾಕಿರಿ. ಅರ್ಚಕರು, ಅಡಿಗೆಯವರು, ಕಸಗುಡಿಸುವವರು, ಕಾವಲುಗಾರರು ಎಷ್ಟು ಮಂದಿ. ದಿನಕ್ಕೆ ಎಷ್ಟು ತಾಸು ದುಡಿದರು. ಪರ್ವದ ದಿನಗಳಲ್ಲಿ ಎಷ್ಟು. ಪಗಾರ ಯಾವ ತಾರೀಖಿಗೆ ಕೈಸೇರಿತು. ಹಿಂದಿನ ವರ್ಷಕ್ಕಿಂತ ಅವರ ಹೊರೆ ಎಷ್ಟು ಏರಿತು. ಅದಕ್ಕೆ ಅತಿಭಾರದ ಪುಟವೆಂದೇ ಹೆಸರಿಡಿರಿ. ವ್ಯಾಪಾರಿ ಬಂಧುಗಳು ತಮ್ಮ ಅಂಗಡಿ, ಗೋದಾಮು, ಶೆಡ್ಡುಗಳಿಗೂ ಇಂಥ ಒಂದು ಪುಟವನ್ನು ಬರೆದುಕೊಳ್ಳಲಿ. ಮತ್ತು ತೀರ್ಥಂಕರರನ್ನು ದಯವಿಟ್ಟು ಮ್ಯಾನೇಜ್‌ಮೆಂಟ್ ಗುರುಗಳೆಂದು ಕರೆಯದಿರಿ. ರಾಜ್ಯವನ್ನೇ ತೊರೆದು ನಡೆದವರನ್ನು ಅಂಗಡಿಯ ಗಲ್ಲೆಯ ಮೇಲೆ ಕೂರಿಸುವುದು ಭಕ್ತಿಯಲ್ಲ.

ನಮ್ಮ ಭಾಷೆಯ ನಿರ್ವಹಣೆ ಎಂಬ ಶಬ್ದದಲ್ಲಿರುವುದು ಹೊರು ಎಂಬರ್ಥದ ಧಾತು. ಸಮಂತಭದ್ರರ ಅತಿಭಾರವಹನದಲ್ಲಿರುವುದೂ ಅದೇ. ನಿರ್ವಹಿಸುವವನು ಮೊದಲು ತಾನು ಹೊರಬೇಕು, ಆಮೇಲೆ ಹೊರಿಸಬೇಕು.

ಆ ಠರಾವನ್ನು ಪುನಃ ಚರ್ಚೆಗೆ ತೆಗೆದುಕೊಳ್ಳಬೇಕೆಂದು ನಾನು ಕಾರ್ಯಕಾರಿ ಸಮಿತಿಗೆ ಲಿಖಿತವಾಗಿ ಕೇಳಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅದು ಬರುವವರೆಗೆ ಉಳಿದಿಬ್ಬರ ಪಗಾರವನ್ನು ನನ್ನ ಖಾತೆಯಿಂದ ಕೊಟ್ಟು ಅವರನ್ನು ಕೆಲಸದಲ್ಲಿ ಮುಂದುವರಿಸಲು ಅನುಮತಿ ಬೇಡಿದ್ದೇನೆ. ಇದನ್ನು ದಾನವೆಂದು ಯಾರೂ ಬರೆದುಕೊಳ್ಳಬಾರದು. ಎತ್ತಬಾರದ ಕೈ ಎತ್ತಿದ್ದಕ್ಕೆ ಇದು ಪ್ರಾಯಶ್ಚಿತ್ತ; ಖಾತೆಯಲ್ಲಿಯೂ ಹಾಗೆಯೇ ನಮೂದಾಗಲಿ.

ಜೈ ಜಿನೇಂದ್ರ.